ನೀರು ನಿಂತಲ್ಲಿ ಊರು

ಉಡುಪಿಯಿಂದ ಹೊರಟು ಹೆಬ್ರಿ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ, ಚಿತ್ರದುರ್ಗ ದಾಟಿ ಚಳ್ಳಕೆರೆ ಸೇರುವ ದಾರಿ ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರು. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮುಗಿಯುತ್ತದೆ. ಆ ಒಂದು ಹಗಲಿನಲ್ಲಿ ಮಳೆಯ ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ: ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್, ಆಗುಂಬೆಯಲ್ಲಿ 7,000ಕ್ಕೂ ಮೇಲೆ, ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಸಾವಿರದೊಳಗೆ, ಚಳ್ಳಕೆರೆಯಲ್ಲಿ 500ರ ಆಸುಪಾಸು.

ಮಳೆಯ ಜೊತೆಗೆ ಊರಿನ ಆಕಾರವೂ ಬದಲಾಗುತ್ತದೆ. ಉಡುಪಿ ಕಡೆ ಒಂದು ಊರು ಮುಗಿದು ಇನ್ನೊಂದು ಶುರುವಾದದ್ದು ಗೊತ್ತೇ ಆಗುವುದಿಲ್ಲ. ಗದ್ದೆಯ ಅಂಚಿಗೊಂದು ಮನೆ, ತೋಟದ ತಲೆಗೊಂದು ಮನೆ. ಚಿತ್ರದುರ್ಗದ ಕಡೆ ಊರೆಂದರೆ ಒಂದೇ ಮುದ್ದೆ. ಗೋಡೆಗೆ ಗೋಡೆ ತಾಗಿದ ನೂರಾರು ಮನೆ, ಅದರಾಚೆ ಮೈಲುಗಟ್ಟಲೆ ಬರೀ ಹೊಲ. ‘ಮಳೆ ಹೆಚ್ಚಿದ್ದಲ್ಲಿ ಜನ ಚದುರಿ ಬದುಕುತ್ತಾರೆ, ಕಡಿಮೆ ಇದ್ದಲ್ಲಿ ಗುಂಪಾಗುತ್ತಾರೆ’ ಎಂದು ಶಾಲೆಯ ಪುಸ್ತಕ ಹೇಳಿ ಮುಗಿಸುತ್ತದೆ. ಅದು ಅರ್ಧ ಉತ್ತರ. ಹಾಗಿದ್ದರೆ ಎಲ್ಲರಿಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತ ಜನ ಕಿಕ್ಕಿರಿದಿರಬೇಕಿತ್ತು. ಅಲ್ಲಿರುವುದು ಕಾಡು. ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ತಿಂಗಳು ನಿಲ್ಲುತ್ತದೆ, ಒಂದು ಕುಟುಂಬ ಯಾರ ಹಂಗೂ ಇಲ್ಲದೆ ಅದನ್ನು ಮುಟ್ಟಬಹುದೇ ಎಂಬ ಪ್ರಶ್ನೆಗಳು ಮಳೆಯ ಅಳತೆಗಿಂತ ಹೆಚ್ಚು ಕೆಲಸ ಮಾಡಿವೆ.

ಘಟ್ಟದ ಕೆಳಗಿನಿಂದ ಶುರು ಮಾಡೋಣ. ತುಳುನಾಡಿನಲ್ಲಿ ಗದ್ದೆಗೆ ಮೂರು ದರ್ಜೆ. ಕಣಿವೆಯ ತಳ ಬೈಲು, ಅದರ ಮೇಲಿನ ಮೆಟ್ಟಿಲು ಮಜಲು, ಇನ್ನೂ ಮೇಲೆ ಬೆಟ್ಟು. ಬೈಲಿನಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಗಾಲದ್ದೊಂದೇ. ಗದ್ದೆಯ ಬೆಲೆಯೂ ಕಂದಾಯವೂ ಈ ಮೆಟ್ಟಿಲನ್ನೇ ಹಿಡಿದು ಇಳಿದು ಬಂದವು. ಮನೆ ಕಟ್ಟುವ ಜಾಗವೂ ಇದರಲ್ಲೇ ತೀರ್ಮಾನವಾಯಿತು. ಬೈಲಿನಲ್ಲಿ ಕಟ್ಟಿದರೆ ಜುಲೈಯಲ್ಲಿ ಒಳಗೆ ನೀರು, ಗುಡ್ಡದ ನೆತ್ತಿಯಲ್ಲಿ ಕಟ್ಟಿದರೆ ಮಾರ್ಚಿಗೇ ಬಾವಿ ಒಣಗು. ಹಾಗಾಗಿ ಗುಡ್ಡ ಮುಗಿದು ಗದ್ದೆ ಶುರುವಾಗುವ ಗೆರೆಯಲ್ಲೇ ಮನೆ. ಅಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಳಗೆ ಜಿನುಗುವ ನೀರಿಗೆ ಸಾಮಾನ್ಯ ಆಳದ ತೆರೆದ ಬಾವಿ ಸಾಕು. ಹತ್ತು ಜನ ಸೇರಿ ಕೆರೆ ಕಟ್ಟಬೇಕಿಲ್ಲ, ಸರದಿಯಲ್ಲಿ ಕಾಲುವೆ ತಿರುಗಿಸಿಕೊಳ್ಳಬೇಕಿಲ್ಲ. ಹಿಂದಿನ ಗುಡ್ಡದಿಂದ ಹಟ್ಟಿಗೆ, ಅಂದರೆ ದನದ ಕೊಟ್ಟಿಗೆಗೆ, ಸೊಪ್ಪು, ಹಟ್ಟಿಯಿಂದ ಗದ್ದೆಗೆ ಗೊಬ್ಬರ. ಎಲ್ಲವೂ ಇಳಿಜಾರಿನಲ್ಲಿ ಕೆಳಮುಖವಾಗಿಯೇ ಸಾಗುತ್ತದೆ, ಹೊತ್ತು ಹತ್ತುವ ಕೆಲಸ ಕಡಿಮೆ. ಕಾನೂನು ಕೂಡ ಈ ಜೋಡಣೆಯನ್ನು ಒಪ್ಪಿಕೊಂಡಿತು: ದಕ್ಷಿಣ ಕನ್ನಡದ ಹಳೆಯ ವರ್ಗ ಜಮೀನಿನ (ರೈತನ ಪಟ್ಟಾ ಜಮೀನಿನ) ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವಿಗೆ ರೈತನಿಗಿದ್ದ ಹಕ್ಕೇ ಕುಮ್ಕಿ.

ಪ್ರತಿ ಮನೆಗೂ ಅದರದೇ ಬಾವಿ, ಅದರದೇ ಗುಡ್ಡ ಇದ್ದ ಮೇಲೆ ಅಕ್ಕಪಕ್ಕ ಅಂಟಿಕೊಂಡು ಬದುಕಲು ಕಾರಣವೇ ಉಳಿಯುವುದಿಲ್ಲ. ಕರಾವಳಿಯ ವಿಳಾಸದಲ್ಲಿ ಬೀದಿಯ ಹೆಸರಿಗಿಂತ ಮನೆಯ ಹೆಸರು ಮುಖ್ಯವಾದದ್ದು ಸುಮ್ಮನೆ ಅಲ್ಲ. ಬೀದಿ ಇದ್ದರೆ ತಾನೇ!

ನಾಲ್ಕು ಸಾವಿರ ಮಿಲಿಮೀಟರ್ ಸುರಿದರೂ ಏಪ್ರಿಲ್‌ನಲ್ಲಿ ಇದೇ ಕರಾವಳಿಯಲ್ಲಿ ಟ್ಯಾಂಕರ್ ಓಡುವುದು ಹೊರಗಿನವರಿಗೆ ವಿಚಿತ್ರ. ಮುರಕಲ್ಲು ಜರಡಿಯಂಥ ಕಲ್ಲು. ಬೇಗ ಹೀರಿಕೊಳ್ಳುತ್ತದೆ, ಅಷ್ಟೇ ಬೇಗ ಪಕ್ಕದ ತೋಡಿಗೆ ಬಿಟ್ಟುಕೊಡುತ್ತದೆ. ನದಿಗಳೋ ಗಿಡ್ಡ. ನೇತ್ರಾವತಿಯ ಉದ್ದವೇ ನೂರು ಕಿಲೋಮೀಟರಿನ ಲೆಕ್ಕ. ಘಟ್ಟದ ಮೇಲೆ ಬಿದ್ದ ನೀರು ಸಮುದ್ರ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಅದಕ್ಕೇ ಕಿಂಡಿ ಅಣೆಕಟ್ಟು. ಮಳೆಗಾಲದಲ್ಲಿ ಕಿಂಡಿಗಳು ಪೂರ್ತಿ ತೆರೆದಿರಬೇಕು. ಹಿಂಗಾರು ನಿಂತು ಹರಿವು ತಿಳಿಯಾದ ಮೇಲೆ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ, ಎರಡು ಸಾಲು ಹಲಗೆ ಇಳಿಸಿ ನಡುವೆ ಜೇಡಿಮಣ್ಣು ತುಂಬಿ ತುಳಿಯುತ್ತಾರೆ. ಆತುರಪಟ್ಟು ಅಕ್ಟೋಬರ್‌ನಲ್ಲೇ ಹಾಕಿದರೆ ಒಂದು ಜೋರು ಮಳೆಗೆ ನೀರು ದಡ ಮೀರಿ ಪಕ್ಕದ ತೋಟವನ್ನು ಕೊರೆಯುತ್ತದೆ. ಜನವರಿಯವರೆಗೆ ಬಿಟ್ಟರೆ ತುಂಬಲು ನೀರೇ ಇರುವುದಿಲ್ಲ. ಮೇ ಮಧ್ಯದೊಳಗೆ ಹಲಗೆ ತೆಗೆಯದಿದ್ದರೆ ಮೊದಲ ನೆರೆಯಲ್ಲಿ ತೇಲಿಬಂದ ಮರದ ದಿಮ್ಮಿ, ಕಸ ಎಲ್ಲ ಕಿಂಡಿಗೆ ಸಿಕ್ಕಿಕೊಂಡು ಅಣೆಕಟ್ಟನ್ನೇ ಎಳೆಯುತ್ತದೆ. ಈಗೀಗ ಮರದ ಹಲಗೆಯ ಬದಲು ಫೈಬರ್ ಹಲಗೆ ಬಂದಿದೆ. ಅದು ಕೊಳೆಯುವುದಿಲ್ಲ ನಿಜ, ಹಾಕುವ ತಾರೀಕನ್ನು ಮಾತ್ರ ಅದೇನೂ ಹೇಳಿಕೊಡುವುದಿಲ್ಲ. ಅಳಿವೆಗೆ ಹತ್ತಿರವಿದ್ದರೆ ಈ ಕಟ್ಟಗಳಿಗೆ ಇನ್ನೊಂದು ಕೆಲಸವೂ ಇದೆ: ಬೇಸಿಗೆಯಲ್ಲಿ ಉಬ್ಬರದ ಜೊತೆ ಏರಿಬರುವ ಉಪ್ಪುನೀರನ್ನು ತಡೆಯುವುದು. ತಡೆಯಲಾಗದ ಕಡೆ ಜನ ಉಪ್ಪಿನೊಂದಿಗೇ ರಾಜಿಯಾಗಿದ್ದಾರೆ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಆ ರಾಜಿಯ ಫಲ. ಅದೇ ಗಜನಿಯಲ್ಲಿ ಮೀನು, ಸಿಗಡಿ ಕೂಡ.

ಇನ್ನು ಬೈಲೂ ಅಲ್ಲದ, ಮಜಲೂ ಅಲ್ಲದ ಬೋಳು ಮುರಕಲ್ಲಿನ ಪದವುಗಳು, ಅಂದರೆ ಗುಡ್ಡದ ಮೇಲಿನ ಸಮತಟ್ಟುಗಳು. ಹುಲ್ಲು ಬಿಟ್ಟರೆ ಏನೂ ಬೆಳೆಯದ ಈ ಜಾಗ ಬಹುಕಾಲ ಯಾರಿಗೂ ಬೇಡವಾಗಿತ್ತು. ಹಾಗೆ ಬೇಡವಾದದ್ದೇ ಮುಂದೆ ಅದಕ್ಕೆ ಬೆಲೆ ತಂದಿತು. 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಮಣಿಪಾಲ ಇಂಥದೇ ಬೋಳುಗುಡ್ಡ. ಕೊಣಾಜೆಯ ವಿಶ್ವವಿದ್ಯಾಲಯ, ಬಜ್ಪೆಯ ವಿಮಾನ ನಿಲ್ದಾಣ ಎಲ್ಲ ಗುಡ್ಡದ ಮೇಲೆಯೇ. ಗದ್ದೆಯವರು ಗದ್ದೆ ಬಿಡಲಿಲ್ಲ, ಸಂಸ್ಥೆಗಳಿಗೆ ಗುಡ್ಡ ಸಿಕ್ಕಿತು. ಇಂದಿಗೂ ಅಲ್ಲಿ ಕಟ್ಟಡ ಕಟ್ಟುವವರ ದೊಡ್ಡ ತಲೆನೋವು ನೀರೇ.

ಕರಾವಳಿಯ ಕೈಗಾರಿಕೆಗೂ ಇದೇ ನಕ್ಷೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ನೇತ್ರಾವತಿಯ ದಡದಲ್ಲಿ. ನದಿಯ ಬಯಲಿನಲ್ಲಿ ಜೇಡಿಮಣ್ಣು, ಮೇಲಿನ ಕಾಡಿನಿಂದ ಗೂಡಿಗೆ ಸೌದೆ, ಅಳಿವೆಯಲ್ಲಿ ಹಡಗು. ಭಾರವಾದ, ಒಡೆಯುವ ಸರಕಿಗೆ ಗಾಡಿ ದಾರಿಗಿಂತ ನೀರು ದಾರಿ ಮೇಲು. ಮಂಗಳೂರು ಹೆಂಚು ಘಟ್ಟ ಹತ್ತುವುದಕ್ಕಿಂತ ಸಲೀಸಾಗಿ ಕಡಲ ಮೇಲೆ ಮುಂಬಯಿಗೆ ಹೋಯಿತು.

ಘಟ್ಟ ಹತ್ತಿದರೆ ಕಣಿವೆ ಇನ್ನೂ ಕಿರಿದು. ಮಲೆನಾಡಿನ ಅಡಿಕೆ ತೋಟ ಎಲ್ಲೆಂದರಲ್ಲಿ ಆಗುವುದಿಲ್ಲ. ಪಡುವಣ ಬಿಸಿಲು ನೇರ ಹೊಡೆದರೆ ಕಾಂಡ ಸೀಳುತ್ತದೆ, ನೀರು ನಿಂತರೆ ಬೇರು ಕೊಳೆಯುತ್ತದೆ. ಎರಡು ಗುಡ್ಡಗಳ ನಡುವಿನ, ಬೇಸಿಗೆಯಲ್ಲೂ ಒರತೆ ಜಿನುಗುವ, ನೀರು ಬಸಿದುಹೋಗಲು ಕಾದಿಗೆ ತೋಡಬಹುದಾದ ಕಿರುಕಣಿವೆಯೇ ಬೇಕು. ಅಂಥ ಕಣಿವೆ ಒಂದು ಕಡೆ ಎರಡು ಎಕರೆ, ಇನ್ನೊಂದು ಕಡೆ ನಾಲ್ಕು ಎಕರೆ. ಅದಕ್ಕೆ ತಕ್ಕಂತೆ ಊರೂ ಎರಡು ಮನೆ, ನಾಲ್ಕು ಮನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದಾರೆ. ಈ ಒಂಬತ್ತಕ್ಕೊಂದರ ಲೆಕ್ಕ ಹಿಡಿದರೆ ಮಲೆನಾಡಿನ ಊರು ಏಕೆ ದೊಡ್ಡದಾಗುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಡ. ತೋಟ ಹೆಚ್ಚಿಸಬೇಕಾದರೆ ಬೆಟ್ಟ ಹೆಚ್ಚಬೇಕು, ಬೆಟ್ಟ ಪಕ್ಕದ ಊರಿನವರದು.

ಅಡಿಕೆಯನ್ನು ಹೇಗೆ ಮಾರುತ್ತಾರೆ ಎಂಬುದರಲ್ಲೂ ಹವೆಯ ಕೈವಾಡವಿದೆ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಇಡಿಯಾಗಿ ಅಂಗಳದಲ್ಲಿ ನಲವತ್ತು ದಿನಕ್ಕೂ ಮೀರಿ ಬಿಸಿಲಿಗೆ ಹರಡಿ, ಸುಲಿದು, ಬಿಳಿ ಚಾಲಿ ಮಾಡುತ್ತಾರೆ. ಅಷ್ಟು ದಿನದ ಖಾತರಿ ಬಿಸಿಲು ಕೊಯ್ಲಿನ ಹೊತ್ತಿಗೆ ಮಲೆನಾಡಿನ ಒಳಭಾಗದಲ್ಲಿ ಕಷ್ಟ. ಅಲ್ಲಿ ಕಾಯನ್ನು ಹಸಿಯಾಗಿಯೇ ಇಳಿಸಿ, ಸುಲಿದು, ಚೊಗರಿನ (ಹಿಂದೆ ಅಡಿಕೆ ಬೇಯಿಸಿ ಉಳಿದ) ನೀರಿನಲ್ಲಿ ಬೇಯಿಸಿ ಒಣಗಿಸಿದ ಕೆಂಪಡಿಕೆ. ಬೇಯಿಸಿದ್ದು ಬೇಗ ಒಣಗುತ್ತದೆ, ಬೂಷ್ಟು ಹಿಡಿಯುವುದು ಕಡಿಮೆ. ಕೆಂಪಿಗೆ ಶಿವಮೊಗ್ಗ ಪೇಟೆ, ಬಿಳಿಗೆ ಮಂಗಳೂರು ಪೇಟೆ, ಎರಡಕ್ಕೂ ನಡುವೆ ನಿಂತ ಶಿರಸಿಯಲ್ಲಿ ಎರಡೂ ನಡೆಯುತ್ತವೆ. 1970ರ ಆಸುಪಾಸು ಚಾಲಿಯ ಬೆಲೆ ನೆಲಕಚ್ಚಿದ ಮೇಲೆ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು ಮಂಗಳೂರಿನಲ್ಲಿ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಮಳೆ ಹೆಚ್ಚಿದ್ದರ ಸುಂಕ ಕೊಳೆರೋಗ. ಮುಂಗಾರಿಗೆ ಮುಂಚೆ ಒಮ್ಮೆ, ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಮ್ಮೆ ಗೊನೆ ನೆನೆಯುವಂತೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ತಿರುಗಾಮುರುಗಾ ಆಗಬಾರದು. ಹಾಗೇನಾದರೂ ಆದರೆ ಕದಡಿ ತಳ ಸೇರುತ್ತದೆ, ಗೊನೆಗೆ ಅಂಟುವುದಿಲ್ಲ. ಎರಡನೇ ಸಿಂಪರಣೆಗೆ ಜುಲೈಯಲ್ಲಿ ನಾಲ್ಕು ತಾಸು ಹೊಳವು ಸಿಗದೆ ತಡವಾದ ವರ್ಷ ತೋಟದ ಬುಡವೆಲ್ಲ ಉದುರಿದ ಕಾಯಿ.

ಶಿವಮೊಗ್ಗ ದಾಟಿದ ಮೇಲೆ ಆಟದ ನಿಯಮವೇ ಬೇರೆ. ಇಲ್ಲಿ ವರ್ಷದ ಮಳೆ ಕೆಲವೇ ದಿನ ಬಂದು ಹೋಗುತ್ತದೆ, ಕೆಳಗೆ ಗಟ್ಟಿ ಬಂಡೆ, ಮೇಲೆ ತೆಳು ಕೆಂಪುಮಣ್ಣು. ಓಡುವ ನೀರನ್ನು ಹಿಡಿದು ನಿಲ್ಲಿಸದಿದ್ದರೆ ಗದ್ದೆಯಿಲ್ಲ, ಅದನ್ನು ಒಬ್ಬ ಹಿಡಿಯಲಾರ. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎನ್ನುವ ಲೆಕ್ಕದ ಬಹುಪಾಲು ಈ ಬಯಲಿನದು. ಕೆರೆ ಎಂದರೆ ಬರೀ ಹೊಂಡವಲ್ಲ: ನೀರು ತರುವ ಕಾಲುವೆ, ತಡೆಯುವ ಏರಿ, ಬಿಡುವ ತೂಬು, ಹೆಚ್ಚಾದದ್ದು ಹೊರಹೋಗುವ ಕೋಡಿ, ಕೆಳಗಿನ ಅಚ್ಚುಕಟ್ಟು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಹಂಚುವ ನೀರುಗಂಟಿ. ಇವುಗಳಲ್ಲಿ ಒಂದು ಕೆಟ್ಟರೂ ಉಳಿದದ್ದು ನಿಷ್ಪ್ರಯೋಜಕ. ಊರು ಏರಿಯ ಪಕ್ಕದ ಎತ್ತರದಲ್ಲಿ ಕೂಡುತ್ತದೆ, ಕುಡಿಯುವ ನೀರಿನ ಬಾವಿ ಏರಿಯ ಕೆಳಗಿನ ಬಸಿಯಲ್ಲಿ. ನೀರು ಒಂದೇ ಕಡೆ ಇರುವಾಗ ಮನೆಗಳೂ ಒಂದೇ ಕಡೆ. ಜೊತೆಗೆ ದಂಡು ಹಾಯುವ ಬಯಲು, ಹಾಗಾಗಿ ಸುತ್ತ ಕೋಟೆ, ನಡುವೆ ಹುಡೇವು ಎಂಬ ಕಾವಲು ಬುರುಜು.

ಕೆರೆ ಹಾಳಾಗುವುದು ಹೂಳಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಹೂಳು ನಿಧಾನವಾಗಿ ಕೊಲ್ಲುತ್ತದೆ, ಬೇಗ ಕೊಲ್ಲುವುದು ಕೋಡಿ. ಹೂಳು ತುಂಬಿ ನೀರು ಕಡಿಮೆ ನಿಲ್ಲತೊಡಗಿದಾಗ ಅಚ್ಚುಕಟ್ಟಿನವರು ಕೋಡಿಗೆ ಎರಡು ಸಾಲು ಕಲ್ಲು ಏರಿಸುತ್ತಾರೆ. ಹಿನ್ನೀರಿನ ಹೊಲದವನು ಜಗಳಕ್ಕೆ ಬರುತ್ತಾನೆ, ಅದು ಸಣ್ಣ ತೊಂದರೆ. ದೊಡ್ಡ ಮಳೆ ಬಂದ ರಾತ್ರಿ ನೀರು ಕೋಡಿಗೆ ಮೊದಲು ಏರಿಯ ತಗ್ಗು ಜಾಗ ಹುಡುಕುತ್ತದೆ. ಮಣ್ಣಿನ ಏರಿಯ ಮೇಲೆ ಒಂದು ಗೇಣು ನೀರು ಹರಿದರೆ ಸಾಕು, ಬೆಳಗಾಗುವಷ್ಟರಲ್ಲಿ ಗಂಡಿ. ಏರಿಯ ಮೇಲೆ ಬೆಳೆದ ಮರ ಸತ್ತು ಬೇರು ಕೊಳೆತರೆ ಆ ಬೇರಿನ ದಾರಿಯೇ ನೀರಿನ ದಾರಿ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನದಕ್ಕೆ ಹೋಗುವ ಸರಣಿ ಕೆರೆಗಳಲ್ಲಿ ಒಂದು ಒಡೆದರೆ ಅದರ ನೀರು ಕೆಳಗಿನದನ್ನೂ ಒಡೆದುಕೊಂಡು ಹೋಗುತ್ತದೆ.

ಹಾಗೆಂದು ದೊಡ್ಡ ಕಟ್ಟೆ ಕಟ್ಟಿದರೆ ಬಯಲಿನ ಬರ ತೀರುವುದಿಲ್ಲ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ. ಸಾಮರ್ಥ್ಯ 30 ಟಿಎಂಸಿ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೇ ಸಲ 2022ರಲ್ಲಿ. ನಡುವೆ 89 ವರ್ಷ. ಗೋಡೆಯಲ್ಲಿ ತಪ್ಪಿಲ್ಲ. ನೀರು ಬರಬೇಕಾದ ಸೀಮೆ ಬಾಬಾಬುಡನ್ ಗಿರಿಯ ಮಳೆನೆರಳಿನ ಮಗ್ಗುಲಲ್ಲಿದೆ, ದಾರಿಯಲ್ಲಿ ಅಯ್ಯನಕೆರೆ, ಮದಗದಕೆರೆಯಂಥ ಹಳೆಯ ಕೆರೆಗಳು ತಮ್ಮ ಪಾಲು ಮೊದಲು ತೆಗೆದುಕೊಳ್ಳುತ್ತವೆ. ಈಗ ಭದ್ರಾ ನೀರನ್ನು ಎತ್ತಿ ಇದಕ್ಕೆ ಬಿಡುತ್ತಿದ್ದಾರೆ.

ಇನ್ನೂ ಬಡಗಲಿಗೆ, ಧಾರವಾಡ–ಗದಗ–ವಿಜಯಪುರದ ಎರೆ (ಕಪ್ಪುಮಣ್ಣಿನ) ಸೀಮೆಯಲ್ಲಿ ಕೆರೆಯ ಹಂಗೂ ಬೇಸಾಯಕ್ಕೆ ಅಷ್ಟಿಲ್ಲ. ಅಲ್ಲಿ ಮಣ್ಣೇ ಕೆರೆ. ಮುಂಗಾರಿನ ನೀರು ಹೀರಿ ಉಬ್ಬಿದ ಎರೆಗೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿಳಿಜೋಳ ಬಿತ್ತಿದರೆ ಮುಂದೆ ಮಳೆ ಬಾರದಿದ್ದರೂ ಒಳಗಿನ ಹಸಿಯಲ್ಲೇ ತೆನೆ ಕಟ್ಟುತ್ತದೆ. ಕಷ್ಟ ಕುಡಿಯುವ ನೀರಿಗೆ. ಎಷ್ಟೋ ಕಡೆ ಬಾವಿ ತೋಡಿದರೆ ಸವಳು. ಹಾಗಾಗಿ ಸಿಹಿನೀರಿನ ಒಂದು ಹೊಂಡವೋ ಹಳ್ಳವೋ ಇರುವ ಕಡೆ ದೊಡ್ಡ ಊರು, ಅಲ್ಲಿಂದ ಮುಂದಿನ ಊರು ಬಹಳ ದೂರ. ಎರೆ ಹಸಿಯಾದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಗೋಡೆಯ ಪಾಯವನ್ನು ಕೆಳಗಿನ ಗರಸಿನವರೆಗೆ ಇಳಿಸಲೇಬೇಕು, ಅರ್ಧಕ್ಕೆ ನಿಲ್ಲಿಸಿದರೆ ಮೂಲೆ ಸೀಳುವುದು ಖಂಡಿತ. ಮಳೆ ಕಡಿಮೆಯಾದ್ದರಿಂದ ಮಣ್ಣಿನ ಚಪ್ಪಟೆ ಮಾಳಿಗೆ ಸಾಕು, ಕಾಳು ನೆಲದಡಿಯ ಹಗೇವಿನಲ್ಲಿ. ಹಗೇವು ತೆರೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುತ್ತದೆ. ದೀಪ ಇಳಿಸಿ, ಆರದಿದ್ದರೆ ಮಾತ್ರ ಮನುಷ್ಯ. ಇದೇ ಹಗೇವನ್ನು ಉಡುಪಿಯಲ್ಲಿ ತೋಡಿದರೆ ಮೊದಲ ಮಳೆಗೇ ಅದು ಬಾವಿ.

ಎರೆ ಸೀಮೆಯ ಹತ್ತಿ ಮತ್ತು ಪಡುವಣ ಬಂದರುಗಳ ಕಥೆ ಈ ಭೂಗೋಳದ ಅತಿ ಒಳ್ಳೆಯ ಪಾಠ. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಲಂಕಾಷೈರ್‌ನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ. ಅದು ಹೊರಟ ಬಂದರು ಕುಮಟಾ, ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ತೊಡಕು ಕ್ಯಾಲೆಂಡರಿನದು. ಹತ್ತಿ ಬಿಡಿಸಿ ಮುಗಿಯುವುದು ಬೇಸಿಗೆಯಲ್ಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಎರೆ ದಾರಿಯಲ್ಲಿ ಗಾಡಿಯ ಗಾಲಿ ಅಚ್ಚಿನವರೆಗೆ ಹೂಳುತ್ತದೆ, ಅದೇ ತಿಂಗಳಲ್ಲಿ ಕಡಲಿನ ಬಂದರುಗಳೂ ಮುಚ್ಚುತ್ತವೆ. ನಡುವೆ ಸಿಗುವುದು ಎರಡು ಮೂರು ತಿಂಗಳು. ಅಷ್ಟರಲ್ಲಿ ಎತ್ತಿನ ಗಾಡಿಗಳು ದೇವಿಮನೆಯಂಥ ಘಟ್ಟ ಇಳಿದು ಮುಗಿಸಬೇಕು. ಈ ಇಕ್ಕಟ್ಟು ಬಿಡಿಸಲು ಕಾರವಾರವನ್ನು ದೊಡ್ಡ ಬಂದರು ಮಾಡುವ ಯೋಚನೆ ಬಂತು, 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಯುದ್ಧ ಮುಗಿಯಿತು, ಬೆಲೆ ಇಳಿಯಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ಬಂದ ರೈಲು ಕಡಲಿಗೆ ಇಳಿದದ್ದು ಕ್ಯಾಸಲ್ ರಾಕ್ ಮೂಲಕ ಪೋರ್ಚುಗೀಸರ ಮರ್ಮಗೋವಾಕ್ಕೆ. ಕಾರವಾರಕ್ಕೆ ರೈಲು ಮುಟ್ಟಲು ಕೊಂಕಣ ರೈಲ್ವೆ ಬರಬೇಕಾಯಿತು, ಅಂದರೆ 1990ರ ದಶಕ. ಹುಬ್ಬಳ್ಳಿ ಬೆಳೆದದ್ದಕ್ಕೂ ಕುಮಟಾ ಮಂಕಾದದ್ದಕ್ಕೂ ಒಂದೇ ಹಳಿ ಕಾರಣ.

ಘಟ್ಟ ಇಳಿಸುವುದು ಈಗಲೂ ಹಗುರದ ಮಾತಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಸುಮಾರು 55 ಕಿಲೋಮೀಟರ್ ಹಳಿಗೆ 57 ಸುರಂಗ, ಏರು ಐವತ್ತು ಮೀಟರಿಗೆ ಒಂದು ಮೀಟರ್. ಕುದುರೆಮುಖದ ಅದಿರಿಗೆ ಲಾರಿಯೂ ರೈಲೂ ಹೊಂದದೆ, ಪುಡಿ ಮಾಡಿ ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದರು. ಇಳಿಜಾರೇ ಎಂಜಿನ್. 2005ರ ಕೊನೆಗೆ ಗಣಿ ನಿಂತಿತು.

ನೀರು ಮಾತ್ರ ತಾನಾಗಿ ಘಟ್ಟ ಹತ್ತಿ ಪೂರ್ವಕ್ಕೆ ಬರುವುದಿಲ್ಲ. ಆದರೆ ವಿದ್ಯುತ್ತಾಗಿ ಬಂತು. 1964ರಲ್ಲಿ ಲಿಂಗನಮಕ್ಕಿ ತುಂಬಿ ಶರಾವತಿ ಕಣಿವೆಯ ಊರುಗಳು ಮುಳುಗಿದವು, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಪಡುವಣಕ್ಕೆ ಬಿದ್ದ ಮಳೆ ತಂತಿಯ ಮೇಲೆ ಬಯಲಿಗೆ ಬಂದು ಬೋರ್‌ವೆಲ್ ತಿರುಗಿಸಿತು. ಈಗ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಹೊಲಕ್ಕೊಂದು ಬೋರು ಬಂದ ಮೇಲೆ ಬಯಲಿನ ಮುದ್ದೆ ಊರು ಬಿರಿಯತೊಡಗಿತು. ಕೆರೆಯ ಹಂಗಿಲ್ಲದವರು ತೋಟದಲ್ಲೇ ಮನೆ ಕಟ್ಟಿಕೊಂಡರು, ಚಿತ್ರದುರ್ಗದ ಸೀಮೆಯಲ್ಲಿ ಉಡುಪಿಯ ನಕ್ಷೆ ಮೂಡಿತು. ನೀರುಗಂಟಿಗೆ ಕೆಲಸವಿಲ್ಲ. ಅಡಿಕೆಯೂ ಕಣಿವೆ ಬಿಟ್ಟು ಬಯಲಿಗೆ ಇಳಿಯಿತು: ಭದ್ರಾ ನಾಲೆಯ ಚನ್ನಗಿರಿಯಲ್ಲಿ ಮೊದಲು, ಆಮೇಲೆ ಬೋರು ನಂಬಿ ಹೊಳಲ್ಕೆರೆ, ಹಿರಿಯೂರಿನವರೆಗೆ. ಒಂಬತ್ತು ಅಡಿಗೊಂದರಂತೆ ಎಕರೆಗೆ 540 ಮರ, ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಮರಕ್ಕೆ ದಿನಕ್ಕೆ ಸುಮಾರು 20 ಲೀಟರ್, ಒಟ್ಟು 10,800 ಲೀಟರ್. ಮಲೆನಾಡಿನ ಕಣಿವೆಯಲ್ಲಿ ಇದರ ದೊಡ್ಡ ಪಾಲು ನೆಲದ ತೇವವೇ ಕೊಡುತ್ತದೆ. ಬಯಲಿನಲ್ಲಿ ಬೋರು ಬತ್ತಿದ ವರ್ಷ ಅಷ್ಟೂ ನೀರು ಟ್ಯಾಂಕರಿನಲ್ಲಿ ಬರಬೇಕು, ಎಕರೆಗೆ ದಿನಕ್ಕೆ ಐದು ಸಾವಿರ ಲೀಟರಿನ ಎರಡು ಲೋಡಿಗೂ ಮೇಲೆ. ಮರ ಫಲಕ್ಕೆ ಬರಲು ಐದಾರು ವರ್ಷ ಬೇಕಾದ್ದರಿಂದ ಬಿಟ್ಟುಬಿಡುವ ಧೈರ್ಯವೂ ಆಗುವುದಿಲ್ಲ. ನನ್ನ ಕೇಳಿದರೆ, ಅಡಿಕೆ ಇಡುವ ಮೊದಲು ಏಪ್ರಿಲ್ ಕೊನೆಯಲ್ಲಿ ಬೋರು ಎಷ್ಟು ಕೊಡುತ್ತದೆ ಎಂದು ಅಳೆಯಬೇಕು. ಕೊರೆದ ದಿನ ಚಿಮ್ಮಿದ ನೀರು ನೋಡಿ ಸಸಿ ತರುವವರೇ ಹೆಚ್ಚು.

ಪಶ್ಚಿಮದ ಹಳ್ಳಗಳ 24 ಟಿಎಂಸಿ ನೀರನ್ನು ಸಕಲೇಶಪುರದ ಹತ್ತಿರ ನೇರವಾಗಿ ಘಟ್ಟದ ಮೇಲಕ್ಕೆ ಎತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಎತ್ತಲು ನೀರು ಸಿಗುವುದು ಮಳೆಗಾಲದ ತಿಂಗಳುಗಳಲ್ಲಿ, ಬೇಕಾಗುವುದು ಬೇಸಿಗೆಯಲ್ಲಿ. ನಡುವಿನ ತಿಂಗಳುಗಳಲ್ಲಿ ಅದನ್ನು ಇಟ್ಟುಕೊಳ್ಳಬೇಕಾದದ್ದು ಕೋಲಾರ, ಚಿಕ್ಕಬಳ್ಳಾಪುರದ ಅದೇ ಹಳೆಯ ಕೆರೆಗಳು. ಅವುಗಳ ತೂಬು ಎಷ್ಟು ಕಡೆ ಹೂಳಿನಡಿ ಮುಚ್ಚಿಹೋಗಿದೆ, ಕಾಲುವೆಯ ಮೇಲೆ ಎಷ್ಟು ಕಡೆ ಸೈಟು ಎದ್ದಿದೆ ಎಂಬುದನ್ನು ಏರಿಯ ಮೇಲೆ ಒಂದು ಸುತ್ತು ನಡೆದರೆ ಕಾಣಬಹುದು.